ಹಿಂದಕ್ಕೆ ಹೋಗದ ಪೆಟ್ರೋಲು

ಮೇಸ್ತ್ರಿಗೆ ಆ ಕಾರನ್ನು ಕಂಡರೇ ಆಗದಂತಾಗಿತ್ತು. ಕಾರಿನ ತಪ್ಪೇನೂ ಇರಲಿಲ್ಲ, ಪಾಪ. ಒಳ್ಳೆಯ ಎಂಜಿನ್ನು, ನೆಲಕ್ಕೆ ಅಂಟಿಕೊಂಡು ಓಡುವ ಗಾಡಿ. ಅದರ ಒಡೆಯರಾದ ಹಲ್ಲಿನ ಡಾಕ್ಟರು ಅದನ್ನು ಮಗುವಿನಂತೆ ನೋಡಿಕೊಂಡಿದ್ದರು. ಕೆಟ್ಟಿದ್ದೆಲ್ಲ ಈ ರಿಪೇರಿ ಶೆಡ್ಡಿಗೆ ಬಂದಮೇಲೆ, ಮೇಸ್ತ್ರಿಯ ಹೆಂಡತಿಯ ತಮ್ಮನ ಕೈಗೆ ಸಿಕ್ಕಮೇಲೆ.

ಗಾಡಿ ಇನ್ನೂ ಜೋರಾಗಿ ಓಡಬೇಕೆಂದು ಡಾಕ್ಟರು ಆಸೆಪಟ್ಟಿದ್ದರು. ಬಾಮೈದ ಆ ಆಸೆಗೆ ಚೆನ್ನಾಗಿ ಗಾಳಿ ಹಾಕಿದ. ಹಳೆಯದರ ಎರಡರಷ್ಟು ಪೆಟ್ರೋಲು ತಳ್ಳುವ ಪಂಪು, ಅದನ್ನು ಎಂಜಿನ್ನಿಗೆ ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳು, ಒತ್ತಡ ಹದದಲ್ಲಿಡುವ ಹೊಸ ರೆಗ್ಯುಲೇಟರು, ಉಕ್ಕಿನ ಜಾಲರಿ ಹೊದ್ದ ಮಿರಮಿರ ಪೈಪು, ಕೆಂಪು ನೀಲಿ ನಟ್ಟುಗಳು. ಬಾನೆಟ್ ಎತ್ತಿದರೆ ಬಳೆ ಅಂಗಡಿ ನೋಡಿದಂತಾಗುತ್ತಿತ್ತು. ಅದರ ಫೋಟೊಗಳನ್ನು ಬಾಮೈದ ಪರಿಚಯದವರಿಗೆಲ್ಲ ಕಳಿಸಿ, ಹೊಗಳಿಕೆಗಾಗಿ ಫೋನು ಹಿಡಿದು ಕೂತ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಫೋಟೊ ಹಂಚುವವನನ್ನು ಕಂಡು ಮೇಸ್ತ್ರಿ ಮೂಗು ಮುರಿದಿದ್ದ.

ಸ್ಟಾರ್ಟ್ ಮಾಡಿದಾಗ ಬಣ್ಣ ಬಯಲಾಯಿತು. ನಲವತ್ತರ ಆಸುಪಾಸಿನಲ್ಲಿ ನಿಲ್ಲಬೇಕಾದ ಪೆಟ್ರೋಲಿನ ಒತ್ತಡ ಎಪ್ಪತ್ತು ದಾಟಿತು. ಸೈಲೆನ್ಸರು ಕರೀ ಹೊಗೆ ಕಾರಿತು. ಉರಿಯದೆ ಬಂದ ಹಸಿ ಪೆಟ್ರೋಲಿನ ನಾತ ಅಂಗಿಗೆ, ಕೂದಲಿಗೆ, ಕುಡಿಯುವ ನೀರಿನ ಲೋಟಕ್ಕೂ ಹತ್ತಿತು. ಬಾಮೈದ ರೆಗ್ಯುಲೇಟರಿನ ತಿರುಪನ್ನು ಪೂರ್ತಿ ಸಡಿಲ ಮಾಡಿದ; ಒತ್ತಡದ ಮೀಟರಿನ ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಬೇರೆ ರೆಗ್ಯುಲೇಟರು ಹಾಕಿದರೂ ಅದೇ ಕತೆ.

"ಮಾಲೇ ಸರಿಯಿಲ್ಲ ಭಾವ. ಡೂಪ್ಲಿಕೇಟ್ ಕೊಟ್ಟಿದಾರೆ," ಎಂದ ಬಾಮೈದ.

ಅವನ ಬಾಯಲ್ಲಿ ಯಾವತ್ತೂ ತಪ್ಪು ಬೇರೆಯವರದೇ. ಮೇಸ್ತ್ರಿ ಒಂದು ಕ್ಯಾನು ತಂದ. ಪಂಪು ತಳ್ಳಿದ ಪೆಟ್ರೋಲಿನಲ್ಲಿ ಎಂಜಿನ್ನು ಕುಡಿದು ಮಿಕ್ಕಿದ್ದು ರೆಗ್ಯುಲೇಟರಿನಿಂದ ಮತ್ತೆ ಟ್ಯಾಂಕಿಗೆ ಹೋಗಬೇಕು. ಆ ವಾಪಸ್ ಪೈಪನ್ನು ಬಿಚ್ಚಿ, ಅದರ ಜಾಗದಲ್ಲಿ ಒಂದು ದಪ್ಪ ಪೈಪು ಸಿಕ್ಕಿಸಿ ಕ್ಯಾನಿಗೆ ಬಿಟ್ಟ. ಸ್ಟಾರ್ಟ್ ಮಾಡಿದ್ದೇ ತಡ, ಮುಳ್ಳು ಮರ್ಯಾದೆಯಾಗಿ ನಲವತ್ತಮೂರಕ್ಕೆ ಇಳಿದು ನಿಂತಿತು. ರೆಗ್ಯುಲೇಟರು ಸರಿಯಾಗಿಯೇ ಇತ್ತು. ಪೆಟ್ರೋಲು ಹಿಂದಕ್ಕೆ ಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿತ್ತು.

ಗಾಡಿಯ ಕೆಳಗಿನ ಗುಂಡಿಗೆ ಇಳಿದು ಟಾರ್ಚು ಬಿಟ್ಟ. ಬಾನೆಟ್ ಎತ್ತಿದವರ ಕಣ್ಣಿಗೆ ಎಲ್ಲಿಯತನಕ ಕಾಣುತ್ತದೋ ಅಲ್ಲಿಯತನಕ ಮಿರಮಿರ ಪೈಪು ಇತ್ತು. ಅಲ್ಲಿಂದಾಚೆ, ಕಾರಿನ ಜೊತೆಗೇ ಬಂದಿದ್ದ, ಪೆನ್ಸಿಲಿನಷ್ಟು ತೆಳ್ಳಗಿನ ಹಳೇ ಪೈಪು; ಹೊಸ ಪಂಪು ತಳ್ಳುವಷ್ಟು ಪೆಟ್ರೋಲು ಅದರಲ್ಲಿ ಹಿಡಿಸುವಂತಿರಲಿಲ್ಲ. ಎರಡನ್ನೂ ಬಾಮೈದ ಒಂದರೊಳಗೊಂದು ತುರುಕಿ, ಕ್ಲಿಪ್ಪು ಬಿಗಿದು, ಸೋರದಿರಲೆಂದು ಮೇಲೆ ಗ್ಯಾಸ್ಕೆಟ್ ಪೇಸ್ಟು ಮೆತ್ತಿದ್ದ. ಪೆಟ್ರೋಲಿಗೆ ನೆನೆದ ಪೇಸ್ಟು ಊದಿಕೊಂಡು ಸಿಂಬಳದ ಹಾಗೆ ಇಳಿಬಿದ್ದಿತ್ತು. ಬೆರಳಿಟ್ಟರೆ ಕಿತ್ತು ಬಂತು. ಒಂದೊಂದೇ ಹನಿ ಪೆಟ್ರೋಲು ಜಿನುಗಿ, ಪಕ್ಕದಲ್ಲೇ ಇದ್ದ ಸೈಲೆನ್ಸರಿನ ಕಡೆಗೆ ಜಾರುತ್ತಿತ್ತು. ಮೇಸ್ತ್ರಿ ಆ ಬೆರಳನ್ನು ಚಿಂದಿಗೆ ಎಷ್ಟು ಒರೆಸಿಕೊಂಡರೂ ಅಸಹ್ಯ ಹೋಗಲಿಲ್ಲ.

"ಇದೇನೋ ಇದು?"

"ಹೊಸ ಪೈಪ್ ಸಾಲ್ಲಿಲ್ಲ ಭಾವ. ಮೇಲ್ಗಡೆ ಲುಕ್ಕಿಗೆ ಸ್ವಲ್ಪ ಜಾಸ್ತಿ ಹೋಯ್ತು," ಎಂದ ಬಾಮೈದ. "ಕೆಳಗೆ ಯಾರು ನೋಡ್ತಾರೆ?"

"ಬೆಂಕಿ ನೋಡತ್ತೆ ಕಣೋ. ಟ್ಯಾಂಕ್ ಇಳಿಸು. ನಾನು ದಪ್ಪ ಪೈಪ್ ತರ್ತೀನಿ, ತುದಿತನಕ ಅದನ್ನೇ ಎಳಿ. ಇವತ್ತು ಗಾಡಿ ಕೊಡಕ್ಕಾಗಲ್ಲ ಅಂತ ಡಾಕ್ಟ್ರಿಗೆ ಫೋನ್ ಮಾಡು."

"ಸಂಜೆ ಹೆಂಡ್ತಿನ ಕೂರಿಸ್ಕೊಂಡು ಗುಡ್ಡದ ರಸ್ತೆಗೆ ಹೋಗ್ಬೇಕಂತೆ ಅವರು. ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ."

"ಮೊದ್ಲು ಟ್ಯಾಂಕ್ ಇಳಿಸು."

ಬಾಮೈದ ಕೋಲೆಬಸವನ ಹಾಗೆ ತಲೆಯಾಡಿಸಿದ. ಮೇಸ್ತ್ರಿ ಪೈಪು ತರಲು ಹೋದ.

ತಿರುಗಿ ಬಂದಾಗ ಟ್ಯಾಂಕು ಇದ್ದಲ್ಲೇ ಇತ್ತು. ಎಂಜಿನ್ನು ಓಡುತ್ತಿತ್ತು, ಬಾಮೈದ ಶಿಳ್ಳೆ ಹಾಕುತ್ತ ಬಾನೆಟ್ಟಿನ ಅಂಚು ಒರೆಸುತ್ತಿದ್ದ. ಶೆಡ್ಡಿನ ಲೆಕ್ಕಪತ್ರ, ಗಿರಾಕಿಗಳ ಮಾತುಕತೆ ಎಲ್ಲ ನೋಡಿಕೊಳ್ಳುವ ಮೇಸ್ತ್ರಿಯ ಹೆಂಡತಿ ಒಳಕೋಣೆಯಿಂದ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದಳು. ಮುಳ್ಳು ಸರಿಯಾಗಿ ನಲವತ್ತಮೂರರಲ್ಲಿತ್ತು.

"ನೋಡಿದ್ರಾ? ಸುಮ್‌ಸುಮ್ನೆ ಬಯ್ತೀರಿ ಅವನನ್ನ. ಮಾಡಿದಾನಲ್ಲ," ಎಂದಳು.

ಆದರೆ ಹೊಗೆ ಇನ್ನೂ ಕರ್ರಗೇ ಇತ್ತು. ಮೇಸ್ತ್ರಿ ಕೈ ಚಾಚಿ ಎಂಜಿನ್ ಆರಿಸಿ, ರೆಗ್ಯುಲೇಟರಿನ ಬಾಯಿ ಸಡಿಲಿಸಿ ಒತ್ತಡವೆಲ್ಲ ಬಿಟ್ಟುಬಿಟ್ಟ. ಮುಳ್ಳು ಇಳಿಯುತ್ತ ಬಂದು ಸೊನ್ನೆಯಲ್ಲಿ ನಿಲ್ಲದೆ, ಸೊನ್ನೆಯನ್ನೂ ದಾಟಿ, ಅಂಕಿಯೇ ಇಲ್ಲದ ಜಾಗಕ್ಕೆ ಹೋಗಿ ಕೂತಿತು. ಸೊನ್ನೆಯ ಬಳಿ ಅದನ್ನು ತಡೆಯುವ ಪುಟ್ಟ ಮೊಳೆ ಕಾಣೆಯಾಗಿತ್ತು. ಮೀಟರಿನ ಗಾಜು ತೆಗೆದು, ಮೊಳೆ ಕಿತ್ತು, ಮುಳ್ಳನ್ನು ಬೇಕಾದಷ್ಟು ಕೆಳಗೆ ತಿರುಗಿಸಿ ಕೂರಿಸಿದ್ದ ಮಹಾರಾಯ. ಪೈಪು ಎಳೆಯಲು ಬಗ್ಗದ ಸೊಂಟ ಇದಕ್ಕೆ ಬಗ್ಗಿತ್ತು. ಮೇಸ್ತ್ರಿಗೆ ಕ್ಯಾಕರಿಸಿ ಉಗಿಯಬೇಕೆನಿಸಿತು.

"ಮೀಟರ್ ತಿರುಚಿದಾನೆ ಕಣೇ. ಒಳಗೆ ಒತ್ತಡ ಮೊದ್ಲು ಎಷ್ಟಿತ್ತೋ ಅಷ್ಟೇ ಇದೆ. ಈ ಗಾಡಿ ಹೀಗೇ ಗುಡ್ಡ ಹತ್ತಿದ್ರೆ ಹೊತ್ಕೊಂಡು ಉರಿಯತ್ತೆ."

"ಹಳೇ ಮೀಟರ್ ಇರಬೇಕು ರೀ," ಎಂದಳು ಹೆಂಡತಿ. ದನಿಯಲ್ಲಿ ಮುಂಚಿನ ಗತ್ತು ಇರಲಿಲ್ಲ.

"ನನ್ನ ಕೆಲಸ ಕಂಡ್ರೆ ಭಾವಂಗೆ ಆಗಲ್ಲ ಅಕ್ಕ. ಗಾಡಿ ಪಕ್ಕಾ ಇದೆ. ಏನೂ ಆಗಲ್ಲ, ಬರ್ಕೊಡ್ತೀನಿ ಬೇಕಾದ್ರೆ."

ಮೇಸ್ತ್ರಿ ಹಲ್ಲು ಕಚ್ಚಿಕೊಂಡ. ತಾಯಿ ಸತ್ತಮೇಲೆ ಈ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅವನ ವಿಷಯಕ್ಕೆ ಬಂದರೆ ಮನೆಯಲ್ಲಿ ಪ್ರತಿಸಲವೂ ರಾದ್ಧಾಂತ, ಆಮೇಲೆ ಪ್ರತಿಸಲವೂ ಮೇಸ್ತ್ರಿಯೇ ಸೋತು ಸುಮ್ಮನಾಗುವುದು. ಇವತ್ತು ಸುಮ್ಮನಾದರೆ ಇಬ್ಬರ ಜೀವ ಹೋಗುತ್ತದೆ. ಏನಾದರಾಗಲಿ, ಬೀಗದ ಕೈಯನ್ನು ಚರಂಡಿಗೆ ಎಸೆದಾದರೂ ಗಾಡಿ ನಿಲ್ಲಿಸುವುದೆಂದು ಅವನು ಗಟ್ಟಿಮಾಡಿಕೊಂಡ.

ಹೆಂಡತಿ ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. ಆಮೇಲೆ ಕಾರಿನ ಬಾಗಿಲು ತೆಗೆದು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು.

"ಬಾರೋ, ಕೂತ್ಕೋ. ಗುಡ್ಡದ ತನಕ ಒಂದು ರೌಂಡ್ ಹೋಗಿಬರೋಣ."

"ಈಗಲಾ?" ಬಾಮೈದ ನಕ್ಕ.

"ಪಕ್ಕಾ ಇದೆ ಅಂದ್ಯಲ್ಲ."

ತಡೆಯಲು ಮುಂದೆ ಬಂದ ಮೇಸ್ತ್ರಿಯನ್ನು ಅವಳು ಕಣ್ಣಲ್ಲೇ ನಿಲ್ಲಿಸಿದಳು. ಬಾಮೈದ ಡ್ರೈವರ್ ಸೀಟಿಗೆ ಬಂದು ಕೂತ. ಕೀಲಿಯ ಮೇಲೆ ಕೈಯಿಟ್ಟ. ಕೈ ಅಲ್ಲೇ ಉಳಿಯಿತು.

"ಇಳಿ ಅಕ್ಕ," ಎಂದ.

"ಯಾಕೋ?"

"ಇಳಿ. ಬೇಕಾದ್ರೆ ನಮ್ಮ ಗಾಡೀಲಿ ಹೋಗೋಣ."

ಇವನು ಸೋಮಾರಿ, ಬಡಾಯಿಕೋರ, ತಿಳಿಗೇಡಿ ಎಂದೆಲ್ಲ ಮೇಸ್ತ್ರಿ ಇಷ್ಟು ಕಾಲ ಬಯ್ದುಕೊಂಡಿದ್ದ. ತಿಳಿಗೇಡಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲ ತಿಳಿದೇ ಮಾಡಿದ್ದ. ಅವನ ಜೊತೆ ಒಂದೇ ಮನೆಯಲ್ಲಿ, ಎದುರುಬದುರು ಕೂತು ಉಂಡದ್ದನ್ನು ನೆನೆದು ಮೇಸ್ತ್ರಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೆಂಡತಿ ಬೆಲ್ಟು ಬಿಚ್ಚಿದಳು. ತಮ್ಮನ ಕೈ ಸರಿಸಿ ಕೀಲಿ ಕಿತ್ತುಕೊಂಡು, ಇಳಿದು ಬಂದು ಗಂಡನ ಕೈಗೆ ಹಾಕಿದಳು.

ಹೊರಗೆ ಆಟೋ ನಿಂತ ಸದ್ದಾಯಿತು. ಹಲ್ಲಿನ ಡಾಕ್ಟರೂ ಅವರ ಹೆಂಡತಿಯೂ ನಗುನಗುತ್ತ ಗೇಟಿನೊಳಗೆ ಬಂದರು.

"ನೀನೇ ಏನಾದ್ರೂ ಹೇಳಿ ಕಳಿಸು ಅಕ್ಕ," ಎಂದು ಬಾಮೈದ ಕಾರಿನೊಳಗಿಂದಲೇ ಪಿಸುಗುಟ್ಟಿದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಗೇಟಿನತ್ತ ನಡೆದಳು.

"ರೆಡಿನಾ ಮೇಡಂ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಸಾರ್, ಇವತ್ತು ಗಾಡಿ ಕೊಡಲ್ಲ," ಎಂದಳು ಅವಳು. "ಅದ್ರಲ್ಲಿ ನನ್ನ ಕೂರಿಸ್ಕೊಂಡು ಹೋಗಲ್ಲ ಅಂದ, ನನ್ನ ತಮ್ಮ."