ಏಳಬೇಡಿ ಅತ್ತೆ

ವಯಸ್ಸಾದವರು ದೇವರಲ್ಲಿ ದೊಡ್ಡದೇನನ್ನೂ ಬೇಡುವುದಿಲ್ಲ. ಕೈಕಾಲು ಗಟ್ಟಿಯಿರುವಾಗಲೇ ಕರೆದುಕೊಂಡುಬಿಡಪ್ಪ ಎನ್ನುತ್ತಾರೆ. ಅತ್ತೆಯೂ ಅದನ್ನೇ ಬೇಡಿದ್ದಳು. ಭಗವಂತ ಅರ್ಧವನ್ನಂತೂ ನಡೆಸಿಕೊಟ್ಟಿದ್ದ. ತಲೆ ಪೂರ್ತಿ ನರೆತಿದ್ದರೂ ಕಾಲುಗಳು ಕಂಬದಂತಿದ್ದವು. ಲಿಫ್ಟ್ ಕೆಟ್ಟ ದಿನ ಅವಳ ಅಣ್ಣನ ಮಗ ಮಹಡಿಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರೆ, ಇವಳು ತರಕಾರಿ ಚೀಲ ಹೊತ್ತು ಮೇಲೆ ಹೋಗಿ ಬಾಗಿಲು ತೆಗೆದು ಕಾಯುತ್ತಿದ್ದಳು.

ಅಂಥವಳು ಈಗ ಪರದೇಶದ ವಿಮಾನ ನಿಲ್ದಾಣದಲ್ಲಿ, ನೋವಿಲ್ಲದ ಮಂಡಿಗೆ ಪಟ್ಟಿ ಸುತ್ತಿಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದಳು.

ರಜೆಯ ಕಾಲ. ಸಮುದ್ರ, ಬಿಸಿಲು ಅಂತ ಹೊರಟುಬಂದ ಜನವೆಲ್ಲ ಅಲ್ಲೇ ಇದ್ದಂತಿತ್ತು. ಪಾಸ್‌ಪೋರ್ಟ್ ತೋರಿಸುವ ಸಾಲು ಹನುಮಂತನ ಬಾಲದ ಹಾಗೆ ಸುತ್ತಿ ಸುತ್ತಿ ಎಲ್ಲೋ ಮರೆಯಾಗಿತ್ತು. ಆ ಸಾಲಿಗೆ ಮದ್ದು ಕಂಡುಹಿಡಿದವನು ಅಣ್ಣನ ಮಗ. ನಡೆಯಲಾರದವರು ಒಬ್ಬರಿದ್ದಾರೆ ಎಂದು ಟಿಕೆಟ್ ಮಾಡಿಸುವಾಗಲೇ ಹೇಳಿದರೆ ಕುರ್ಚಿ ಬರುತ್ತದೆ, ತಳ್ಳುವವರು ಬರುತ್ತಾರೆ, ಜೊತೆಯವರೂ ಪಕ್ಕದ ದಾರಿಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ಹೋಗಬಹುದು ಎಂದು ಆಫೀಸಿನಲ್ಲಿ ಯಾರೋ ಕಲಿಸಿಕೊಟ್ಟಿದ್ದರಂತೆ. ಅವನ ಹೆಂಡತಿ, ಅತ್ತೆಗೆ ಸೊಸೆಯ ಲೆಕ್ಕ, ಬಂದು ನೀವೂ ನಮ್ಮ ಜೊತೆ ಬನ್ನಿ ಎಂದು ಕರೆದಾಗ ಅತ್ತೆ ಹಿರಿಹಿರಿ ಹಿಗ್ಗಿ ನೆರೆಮನೆಗಳಿಗೆಲ್ಲ ಹೇಳಿಕೊಂಡು ಬಂದಿದ್ದಳು. ಪಟ್ಟಿ ಕಟ್ಟಿದ್ದು ಹೊರಡುವ ಬೆಳಿಗ್ಗೆ. ಆಗ ಬರಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ.

ಒಮ್ಮೆ ಕೂತವಳು ವಿಮಾನದೊಳಗೂ ಏಳುವಂತಿರಲಿಲ್ಲ. ಕುರ್ಚಿಯಲ್ಲಿ ಬಂದ ಮುದುಕಿ ಸರಸರ ಓಡಾಡಿದರೆ ಗಗನಸಖಿಯರು ಸುಮ್ಮನಿರುತ್ತಾರೆಯೇ? ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಅತ್ತೆ ಮಾತ್ರ ಜ್ಯೂಸ್ ಬಂದಾಗಲೆಲ್ಲ ಕುಡಿದಿದ್ದಳು. ಇಳಿಯುವ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಾಗಿತ್ತು.

ಸೊಸೆಯ ಕಿವಿಗೆ ಮಾತ್ರ ಬೀಳುವಂತೆ ಹೇಳಿಕೊಂಡಳು.

"ಇನ್ನೊಂಚೂರು ತಡ್ಕೊಳ್ಳಿ. ಈಗ ಏಳಬೇಡಿ ಅತ್ತೆ, ನಮ್ಮ ಮಾನ ಹೋಗತ್ತೆ."

ಕುರ್ಚಿ ತಳ್ಳುತ್ತಿದ್ದವಳು ಆ ನಾಡಿನ ನಡುವಯಸ್ಸಿನ ಹೆಂಗಸು. ಭಾಷೆ ಬಾರದಿದ್ದರೇನು, ಹೆಣ್ಣಿನ ಮೈಯ ಕಷ್ಟ ಹೆಣ್ಣಿಗೆ ತಿಳಿಯುತ್ತದೆ. ಶೌಚಾಲಯದ ಮುಂದೆ ತಾನೇ ಗಾಲಿ ನಿಲ್ಲಿಸಿ, ಬಾಗಿಲ ಕಡೆ ಕೈ ತೋರಿಸಿ, ಬಗ್ಗಿ ಅತ್ತೆಯ ಮುಖ ನೋಡಿದಳು. ಅತ್ತೆ ಅಣ್ಣನ ಮಗನ ಮುಖ ನೋಡಿದಳು. ಅವನು ನಗುತ್ತಲೇ ಬೇಡವೆಂದು ತಲೆಯಾಡಿಸಿ, ಮುಂದೆ ನಡೆಯಿರಿ ಎಂದು ಸನ್ನೆ ಮಾಡಿದ. ತಳ್ಳುವವಳು ಮತ್ತೊಮ್ಮೆ ಕಣ್ಣಲ್ಲೇ ಕೇಳಿದಳು. ಹುಡುಗನನ್ನು ನಾಲ್ಕು ಜನರ ಮುಂದೆ ಸುಳ್ಳನೆನಿಸಲು ಮನಸ್ಸಾಗದೆ ಅತ್ತೆ ಬೇಡವೆಂದಳು.

ಅಧಿಕಾರಿಯ ಮೇಜು ಎತ್ತರವಿತ್ತು. ಬೆರಳಚ್ಚಿನ ಯಂತ್ರ ಅದರ ಮೇಲೆ. ಅವನು ಕೈಯೆತ್ತಿ ಎದ್ದು ನಿಲ್ಲುವಂತೆ ಸೂಚಿಸಿದ. ಅಣ್ಣನ ಮಗ ಮಂಡಿ ಮುಟ್ಟಿ ತೋರಿಸಿ, ಆಗುವುದಿಲ್ಲ ಎಂದು ಮುಖ ಬಾಡಿಸಿದ. ಎದ್ದರೆ ಎರಡೇ ಹೆಜ್ಜೆ. ಅತ್ತೆ ಏಳಲಿಲ್ಲ. ಕೂತಲ್ಲಿಂದಲೇ ಹಲ್ಲು ಕಚ್ಚಿ, ಹೊಟ್ಟೆ ಎಳೆದು, ತೋಳು ಚಾಚಿದಳು. ನಾಲ್ಕು ಬೆರಳು ಗಾಜಿಗೆ ತಾಗಿದವು.

ಅಲ್ಲಿಗೆ ಕಟ್ಟೆ ಒಡೆಯಿತು.

ಮೊದಲು ಬೆಚ್ಚಗಾಯಿತು, ಆಮೇಲೆ ನೆಲಕ್ಕೆ ತೊಟ್ಟಿಕ್ಕುವ ಸದ್ದು. ಪಕ್ಕದ ಸಾಲಿನವರು ಚೀಲಗಳನ್ನು ಎತ್ತಿಕೊಂಡರು. ಒಂದು ಮಗು ನಕ್ಕಿತು. ತಾಯಿ ಅದರ ಬಾಯಿ ಮುಚ್ಚಿದಳು. ಚಿಕ್ಕವನಿದ್ದಾಗ ಈ ಹುಡುಗ ಒದ್ದೆ ಮಾಡಿದ ಹಾಸಿಗೆಯನ್ನು ಯಾರ ಕಣ್ಣಿಗೂ ಬೀಳದಂತೆ ಬೆಳಗಾಗುವ ಮುಂಚೆ ಒಗೆದು ಹಾಕುತ್ತಿದ್ದವಳು ಅತ್ತೆಯೇ. ಅವನು ಅಧಿಕಾರಿಗೆ ಏನೋ ಹೇಳಿ ತಲೆಯ ಪಕ್ಕ ಬೆರಳು ತಿರುಗಿಸಿದ. ಆ ಸನ್ನೆಗೆ ಭಾಷೆ ಬೇಕಿರಲಿಲ್ಲ. ಅಧಿಕಾರಿ ಅಯ್ಯೋ ಎನ್ನುವ ಮುಖ ಮಾಡಿ, ಯಾವುದನ್ನೂ ತಿರುವಿ ನೋಡದೆ ಮೂರು ಪಾಸ್‌ಪೋರ್ಟಿಗೂ ಟಪಟಪ ಮುದ್ರೆ ಒತ್ತಿದ. ತಳ್ಳುವವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಜನಕ್ಕೆ ಅತ್ತೆಯ ಮುಖ ಕಾಣದಂತೆ ಅಡ್ಡ ನಿಂತಳು. ಆ ಊರಿನಲ್ಲಿ ದೇವರಿದ್ದ ಅನ್ನುವುದಕ್ಕೆ ಅಷ್ಟೇ ಗುರುತು.

ಹೊರಗೆ ಟ್ಯಾಕ್ಸಿಯ ಸೀಟಿನ ಮೇಲೆ ಸೊಸೆ ಪ್ಲಾಸ್ಟಿಕ್ ಚೀಲ ಹಾಸಿದಳು. ಬಟ್ಟೆ ಬದಲಿಸಲು ಪೆಟ್ಟಿಗೆ ಬಿಚ್ಚುವುದು ರಗಳೆ, ಹೋಟೆಲಿನಲ್ಲಿ ನೋಡೋಣ ಎಂದಳು. ಅಣ್ಣನ ಮಗನಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಭೇಷ್ ಅತ್ತೆ. ಒಂದು ಪ್ರಶ್ನೆ ಕೇಳ್ಲಿಲ್ಲ ನೋಡಿ ಅವನು. ಬೇಕಂತಲೇ ಮಾಡಿದ್ರಾ ಹೇಗೆ?"

ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು. "ವಾಪಸ್ ಹೋಗುವಾಗ ನಾನು ಎಲ್ಲರ ಹಾಗೆ ಸಾಲಲ್ಲಿ ನಿಂತ್ಕೋತೀನಪ್ಪ," ಎಂದಳು.

"ಅದು ಹೇಗಾಗತ್ತೆ? ಬರುವಾಗ ಕಾಲಿಲ್ದೋರಿಗೆ ಹೋಗುವಾಗ ಕಾಲು ಬಂದ್ರೆ ಹಿಡಿದು ಕೂರಿಸ್ತಾರೆ. ಹೋಟೆಲಿಗೂ ಹೇಳಿದೀನಿ. ಸಮುದ್ರದ ಕಡೆಯ ನೆಲಮಹಡಿ ರೂಮು ಮತ್ತೆ ಯಾಕೆ ಸಿಕ್ಕಿತು ಅಂದ್ಕೊಂಡ್ರಿ? ರೂಮೊಳಗೆ ಬಾಗಿಲು ಹಾಕ್ಕೊಂಡು ಎಷ್ಟು ಬೇಕಾದ್ರೂ ನಡೀರಿ, ಯಾರು ಬೇಡ ಅಂತಾರೆ."

ಸೊಸೆ ಗಂಡನ ತೋಳು ಚಿವುಟಿ, ತಾನೂ ನಕ್ಕಳು.

ಹೋಟೆಲಿನ ಬಾಗಿಲಲ್ಲಿ ಸಮವಸ್ತ್ರದವನೊಬ್ಬ ಖಾಲಿ ಕುರ್ಚಿ ಹಿಡಿದು ಕಾಯುತ್ತಿದ್ದ. ಟ್ಯಾಕ್ಸಿ ನಿಂತಿತು. ಈ ಸಲ ಅತ್ತೆಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಎತ್ತಿ ಕೂರಿಸಲೆಂದು ತಾನಾಗಿಯೇ ಎರಡೂ ತೋಳು ಚಾಚಿದಳು.