ತೊಳೆಯುವ ಡೇರೆ

ಪೀಪಾಯಿ ಒಡೆದಾಗ ಸೊಸೆ ಅದರ ಎದುರಿಗೇ ಕುಕ್ಕರಗಾಲಲ್ಲಿ ಕೂತು ತುಕ್ಕು ಕೆರೆಯುತ್ತಿದ್ದಳು. ಎಣ್ಣೆಯಂಥ ಕಂದು ವಿಷ ಅವಳ ಕುತ್ತಿಗೆಯಿಂದ ತೊಡೆಯವರೆಗೆ ಸುರಿಯಿತು. ಹಿಂದೆಂದೋ ಯುದ್ಧಕ್ಕೆಂದು ಮಾಡಿಟ್ಟು ಉಳಿದ ವಿಷ ಅದು. ಅದನ್ನು ನಾಶ ಮಾಡುವ ಹೆಸರು ಸೈನ್ಯದ್ದು, ಪೀಪಾಯಿ ಉಜ್ಜುವ ಕರ್ಮ ಕೂಲಿ ಹೆಂಗಸರದು. ಸಿಪಾಯಿಗಳಿಗೆ ಮುಖವಾಡ, ಮೈತುಂಬ ರಬ್ಬರ್ ಸೂಟು. ಇವರಿಗೆ ಮೂಗಿಗೆ ಕಟ್ಟಲು ಒಂದು ಬಟ್ಟೆ ಚೂರು.

"ಏನೂ ಆಗಿಲ್ಲ ಅತ್ತೆ, ಉರೀತಾನೂ ಇಲ್ಲ," ಎಂದಳು ಸೊಸೆ, ಪಕ್ಕದ ಪೀಪಾಯಿ ಕೆರೆಯುತ್ತಿದ್ದ ಅತ್ತೆಗೆ.

ಅತ್ತೆಯ ಸ್ವಂತ ತಂಗಿಯೂ ಹಿಂದೊಮ್ಮೆ ಇದೇ ವಿಷ ಬಿದ್ದಾಗ ಹೀಗೇ ಹೇಳಿ ಮನೆಗೆ ಹೋಗಿದ್ದಳು. ಸಂಜೆಗೆ ಮೈಯೆಲ್ಲ ಬೊಬ್ಬೆ ಎದ್ದು, ಚರ್ಮ ಸುಲಿದು, ಕಿರುಚಿ ಕಿರುಚಿ ಸತ್ತಳು.

ಅತ್ತೆ ಸೊಸೆಯನ್ನು ದರದರ ಎಳೆದುಕೊಂಡು ಮೈಗೆ ತಗುಲಿದ ವಿಷ ತೊಳೆಯುವ ಡೇರೆಗೆ ಓಡಿದಳು. ಉಳಿದ ಕೂಲಿ ಹೆಂಗಸರೂ ಹಿಂದೆಯೇ ಬಂದರು. ಅಲ್ಲಿ ಸಿಪಾಯಿಗಳ ಸಾಲು.

"ಮೊದಲು ನಮ್ಮೋರು," ಎಂದ ಸಿಪಾಯಿಗಳ ಸಾಹೇಬ. "ನೀವು ಮನೇಲಿ ಸ್ನಾನ ಮಾಡ್ಕೊಳ್ಳಿ. ಇಲ್ಲಿ ಹೆಂಗಸರಿಗೆ ಪರದೆ ಇಲ್ಲ."

"ಅಲ್ಲೀವರೆಗೆ ಇವಳು ಉಳೀತಾಳಾ ಸ್ವಾಮಿ?"

"ಹಾಗಾದ್ರೆ ಇಲ್ಲೇ ಬಿಚ್ಚಲಿ. ಬೇಡ ಅಂದೋರು ಯಾರು?"

ನೀರಿನ ಪೈಪು ಹಿಡಿದ ಸಿಪಾಯಿ ಕಿಸಕ್ಕನೆ ನಕ್ಕ. ಸೊಸೆ ಮೈಮೇಲಿನ ಬಟ್ಟೆಯನ್ನು ಎರಡೂ ಮುಷ್ಟಿಯಲ್ಲಿ ಬಿಗಿಹಿಡಿದಳು. "ಸತ್ರೂ ಬಿಚ್ಚಲ್ಲ."

ಅತ್ತೆಯ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ತುಕ್ಕು ಕೆರೆಯುವ ಕಬ್ಬಿಣದ ಪಟ್ಟಿಯಿಂದ ನಕ್ಕವನ ಮಣಿಕಟ್ಟಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು, ಪೈಪು ಬಿತ್ತು.

"ಬಾಯಿ ಬಿಟ್ಕೊಂಡು ಏನ್ರೇ ನೋಡ್ತೀರಾ? ಇವಳ ಸುತ್ತ ನಿಲ್ಲಿ! ಬೆನ್ನು ಒಳಗೆ, ಮುಖ ಹೊರಗೆ! ಇಣುಕಿದವನ ಕಣ್ಣು ಕೀಳಿ!"

ಹೆಂಗಸರು ಭುಜಕ್ಕೆ ಭುಜ ಕೊಟ್ಟು ನಿಂತರು. ಬಂದೂಕಿನ ಹಿಡಿ ಒಬ್ಬಳ ಬಾಯಿಗೆ ಅಪ್ಪಳಿಸಿತು. ಅವಳು ರಕ್ತದ ಜೊತೆ ಹಲ್ಲು ಉಗುಳಿದಳೇ ಹೊರತು ಜಾಗ ಬಿಡಲಿಲ್ಲ. ಒಳಗೆ ಅತ್ತೆ ಸೊಸೆಯ ಬಟ್ಟೆಯನ್ನು ಪರಪರ ಹರಿಯುತ್ತಿದ್ದಳು. ಸೊಸೆ ಅವಳ ತೋಳು ಕಚ್ಚಿದಳು. ಅತ್ತೆ ಕೆನ್ನೆಗೆ ಬಾರಿಸಿದಳು.

"ಮಾನಕ್ಕೆ ಬೇರೆ ಬಟ್ಟೆ ಹೊಲಿಸೋಣ ಕಣೇ, ಚರ್ಮ ಯಾರು ಹೊಲೀತಾರೆ?"

ಅತ್ತೆ ಅಳುತ್ತಳುತ್ತಲೇ ನೀರು ಹೊಯ್ದಳು, ಸೋಪು ಹಚ್ಚಿ ಉಜ್ಜಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ತೊಳೆದುಕೊಂಡರು.

ಉಡಲು ಏನಾದರೂ ಸಿಕ್ಕೀತೇ ಎಂದು ಅತ್ತೆ ಡೇರೆಯ ಮೂಲೆಯ ಪೆಟ್ಟಿಗೆಯನ್ನು ಒದ್ದು ತೆರೆದಳು. ಒಳಗೆ ಹೊಚ್ಚಹೊಸ ರಬ್ಬರ್ ಸೂಟುಗಳು, ಕಟ್ಟು ಬಿಚ್ಚದವು. ಸರತಿಯಲ್ಲಿದ್ದ ಮುದಿ ಸಿಪಾಯಿ ತಲೆ ತಗ್ಗಿಸಿ ಹೇಳಿದ:

"ನಿಮಗೇ ಅಂತ ಬಂದಿದ್ದಮ್ಮ. ತಪಾಸಣೆಯೋರಿಗೆ ತೋರಿಸೋಕೆ ಇಟ್ಕೊಂಡಿದ್ರು."

ಸೂಟು ತೊಟ್ಟುಕೊಂಡು ಹೆಂಗಸರೆಲ್ಲ ಗೇಟಿನತ್ತ ನಡೆದರು. ಸಾಹೇಬ ಅಡ್ಡ ಬಂದ.

"ಸರ್ಕಾರದ ಸ್ವತ್ತು! ಬಿಚ್ಚಿಟ್ಟು ಹೋಗಿ!"

ಸೊಸೆ ಮುಂದೆ ಬಂದಳು. ಅವಳ ಕುತ್ತಿಗೆ ವಿಷಕ್ಕೆ ಆಗಲೇ ಕೆಂಪೇರುತ್ತಿತ್ತು. ಅತ್ತೆಯ ಕೈಯಿಂದ ಕಬ್ಬಿಣದ ಪಟ್ಟಿಯನ್ನು ಕಿತ್ತುಕೊಂಡಳು.

"ಒಂದು ಸಲ ಬಿಚ್ಚಿಸಿದ್ರಲ್ಲ ಸಾಹೇಬ್ರೆ, ಸಾಕು. ಇನ್ನೊಂದು ಸಲ ಬಿಚ್ಚಬೇಕಾದ್ರೆ ನೀವೇ ಬಂದು ಕೈ ಹಾಕಿ."