ಅಮ್ಮನ ದನಿಯ ಡ್ರೈವ್

ಒಳಹೋಗದ ವೈರಿನ ತುದಿಯನ್ನು ಮಗುಚಿ ಮತ್ತೆ ಚುಚ್ಚಿದರು ಅಪ್ಪ. ಜೀವಮಾನವಿಡೀ ಬೀಗ ರಿಪೇರಿ ಮಾಡಿದವರು. ಕೀಲಿ ಹಿಡಿಯದಿದ್ದರೆ ಮಗುಚಿ ನೋಡುವುದು ಕೈಗಂಟಿದ ಅಭ್ಯಾಸ. ಈ ಸಲ ತುದಿಯೇನೋ ಕೂತಿತು, ಆದರೆ ಅಂಗೈಯಗಲದ ಹೊಸ ಡ್ರೈವ್ ಟಿಕ್ ಟಿಕ್ ಎಂದು ಸುಮ್ಮನಾಯಿತು. ಹಳೆಯ ಕಂಪ್ಯೂಟರ್ ಜಪ್ಪಯ್ಯ ಅಂದರೂ ಅದನ್ನು ಗುರುತಿಸಲಿಲ್ಲ.

ಹಜಾರದಲ್ಲಿ ಅಮ್ಮನನ್ನು ಮಲಗಿಸಿದ್ದರು. ಪಕ್ಕದಲ್ಲಿ ಕೂತಿದ್ದ ಅತ್ತೆ, ಇಂಥ ಹೊತ್ತಿನಲ್ಲಿ ಅಣ್ಣನಿಗೆ ಕಂಪ್ಯೂಟರಿನ ಹುಚ್ಚೇನು ಎಂದು ಅಳುವಿನ ನಡುವೆಯೇ ಗೊಣಗಿದಳು.

"ಒಂದೇ ಒಂದ್ಸಲ ಅವಳ ದನಿ ಕೇಳಿಸಮ್ಮ. ಆಮೇಲೆ ಕರ್ಕೊಂಡು ಹೋಗ್ಲಿ," ಎಂದರು ಅಪ್ಪ ಮಗಳಿಗೆ.

ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿ ಹೋಗಿ ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಅವಳು ಮಾತಾಡಿ ರೆಕಾರ್ಡ್ ಮಾಡಿಟ್ಟಿದ್ದೆಲ್ಲ ಉಳಿದಿದ್ದು ಈ ಡ್ರೈವಿನಲ್ಲಿ ಮಾತ್ರ. ಕಂಪ್ಯೂಟರ್ ತುಂಬಿ ಏದುಸಿರು ಬಿಡುತ್ತಿದೆಯೆಂದು ಹೋದ ತಿಂಗಳು ಮಗಳೇ ಅದನ್ನು ತನ್ನ ಆಫೀಸಿಗೆ ಹೊತ್ತೊಯ್ದು, ಎಲ್ಲವನ್ನೂ ಅಲ್ಲಿನ ಹೊಸ ಕಂಪ್ಯೂಟರಿನ ಮೂಲಕ ಇದಕ್ಕೆ ಹಾಕಿಸಿ, ಹಳೆಯದನ್ನು ಖಾಲಿ ಮಾಡಿಸಿ ತಂದಿದ್ದಳು.

ಅವಳು ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದಳು. ಮುಂದುಗಡೆಯ ತೂತಿನ ಕರೆಂಟ್ ಸಾಲದು, ಹಿಂದುಗಡೆ ಹಾಕಿ ಎಂದ. ಅಪ್ಪ ಮೇಜಿನಡಿ ತೂರಿದರು. ಡ್ರೈವಿನ ದೀಪ ಹತ್ತಿತು. ಅಷ್ಟರಲ್ಲಿ ಹೊರಗೆ ಶವದ ವ್ಯಾನು ಬಂದು ನಿಂತಿತು, ಮಗಳು ಎದ್ದು ಹೋದಳು.

*

ಅಮ್ಮ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲುಗಳ ಸುದ್ದಿ ಹೇಳುವ ಕೆಲಸದಲ್ಲಿದ್ದಳು. ಮನೆಯಲ್ಲೂ ಆ ಚಾಳಿ ಬಿಟ್ಟಿರಲಿಲ್ಲ. "ಪ್ರಯಾಣಿಕರ ಗಮನಕ್ಕೆ, ಊಟ ತಣ್ಣಗಾಗುತ್ತಿದೆ" ಎಂದು ಅಡುಗೆಮನೆಯಿಂದ ಕೂಗಿದರೆ ಪಕ್ಕದ ಮನೆಯವರೂ ಕೈತೊಳೆಯಬೇಕು.

ಆಪರೇಷನ್ನಿಗೆ ಮುಂಚೆ ಅಪ್ಪನನ್ನು ಕೂರಿಸಿಕೊಂಡು, ತನ್ನ ಮಾತುಗಳನ್ನು ಕಂಪ್ಯೂಟರಿನಲ್ಲಿ ಹಾಕಿ ಕೇಳುವುದು ಹೇಗೆಂದು ಕಲಿಸಿದಳು. ತೆರೆಯ ಮೇಲೆ ಏನಾದರೂ ಪ್ರಶ್ನೆ ಮೂಡಿದರೆ ಸಾಕು, ಅಪ್ಪನಿಗೆ ಕೈಕಾಲು ಆಡುತ್ತಿರಲಿಲ್ಲ.

"ರೀ, ಅದು ಏನ್ ಕೇಳಿದ್ರೂ ಹೌದು ಅಂತ ಒತ್ತಿ. ಇಷ್ಟು ವರ್ಷ ನಂಗೆ ಅಂದಿಲ್ವಾ, ಹಾಗೆ."

ಅಪ್ಪ ಅವತ್ತು ಬಹಳ ನಕ್ಕಿದ್ದರು.

*

ವ್ಯಾನಿನ ಡ್ರೈವರ್ ಹೊರಡೋಣವೇ ಎಂದು ಕೇಳುತ್ತಿರುವಾಗಲೇ ರಿಪೇರಿಯವನ ಫೋನು ಮತ್ತೆ ಬಂತು.

"ಮೇಡಂ, ಹೇಳೋಕೆ ಮರೆತೆ. ಹಳೇ ಸಿಸ್ಟಂಗೆ ಆ ಡ್ರೈವ್ ಓದೋಕೆ ಬರಲ್ಲ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ. ಬೇಡ ಅನ್ನಿ. ಹೌದು ಅಂದ್ರೆ ಇರೋದೆಲ್ಲ ಅಳಿಸಿಬಿಡುತ್ತೆ."

ಮಗಳು ಎದ್ದೆನೋ ಬಿದ್ದೆನೋ ಎಂದು ಒಳಗೋಡಿದಳು.

ಅಪ್ಪನ ಮುಖ ಅರಳಿತ್ತು. "ಕೊನೆಗೂ ತೆರ್ಕೊಂತು ಕಣಮ್ಮ. ಮತ್ತೆ ಮತ್ತೆ ಕೇಳ್ತು. ಅಷ್ಟೂ ಸಲ ಹೌದು ಅಂದೆ."

ತೆರೆಯ ಮೇಲೆ ಡ್ರೈವ್ ತೆರೆದುಕೊಂಡಿತ್ತು. ಒಳಗೆ ಏನೂ ಇರಲಿಲ್ಲ. ಹೇಳಲೇಬೇಕೆಂದು ಮಗಳು ಅಪ್ಪನ ತೋಳು ಹಿಡಿದಳು.

ಅಪ್ಪ ಸ್ಪೀಕರನ್ನು ಹಜಾರದ ಕಡೆಗೆ ತಿರುಗಿಸಿಟ್ಟು, ಅದರ ಗುಂಡಿಯನ್ನು ಕೊನೆಯವರೆಗೂ ತಿರುವಿದರು. ಅಳುತ್ತಿದ್ದ ತಂಗಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅತ್ತೆ ಸೆರಗು ಬಾಯಿಗೊತ್ತಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಸುಮ್ಮನಾದರು.

"ಈಗ ಶುರುವಾಗುತ್ತೆ," ಎಂದರು ಅಪ್ಪ.

ಸ್ಪೀಕರ್ ಗುಂಯ್ ಎನ್ನುತ್ತಿತ್ತು. ಕರೆಯಲು ಬಂದ ಡ್ರೈವರನೂ ಬಾಗಿಲಲ್ಲೇ ನಿಂತು ಕಿವಿಗೊಟ್ಟ.